ಹೊರದೇಶಕ್ಕೆ ದುಡಿಯಲು ಹೋದವರು ಮತ್ತು ದೆಹಲಿಯ ಸದನ

(ಕರಾವಳಿಯ ಕಾಲೇಜೊಂದರ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ವಿದೇಶಾಂಗ ವ್ಯವಹಾರದ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ನಡೆಯಿತು ಎಂಬ ಸುದ್ದಿ ಕಂಡರೆ ಓದುಗರು ಪುಟ ಮಗುಚುವುದೇ ಹೆಚ್ಚು. ನಮ್ಮ ಕಚೇರಿಯಲ್ಲೂ ಅಂಥ ಸುದ್ದಿಗೆ ಒಳಪುಟದಲ್ಲಿ ಎರಡು ಕಾಲಂ ಸಿಕ್ಕರೆ ದೊಡ್ಡದು. ಗಡಿ, ಒಪ್ಪಂದ, ವಿಶ್ವಸಂಸ್ಥೆ ಇವೆಲ್ಲ ದೊಡ್ಡವರ ಮಾತು, ನಮಗೇನು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಈ ಸಭಾಂಗಣದಲ್ಲಿ ಕೂತವರ ಪೈಕಿ ಅಣ್ಣನೋ, ಮಾವನೋ, ಪಕ್ಕದ ಮನೆಯವರೋ ದುಬೈ, ಕುವೈತ್, ಮಸ್ಕತ್‌ನಲ್ಲಿ ಇಲ್ಲದವರು ಎಷ್ಟು ಮಂದಿ? ಕೈ ಎತ್ತಿ ಎಂದು ಕೇಳುವುದಿಲ್ಲ. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ಅವರಿಗೆ ಅಲ್ಲಿ ಏನಾದರೂ ಆದರೆ ನಮ್ಮ ಪರವಾಗಿ ಕೇಳಬೇಕಾದವರು ಸಂಸತ್ ಸದಸ್ಯರು. ಅವರು ಹೇಗೆ ಕೇಳುತ್ತಾರೆ, ಯಾವಾಗ ಕೇಳುತ್ತಾರೆ, ಕೇಳಿದ್ದರಿಂದ ಏನಾಗುತ್ತದೆ ಎಂಬುದನ್ನು ಕೆಲವು ನಡೆದ ಸಂಗತಿಗಳ ಮೂಲಕ ಹೇಳಲು ಯತ್ನಿಸುತ್ತೇನೆ.

ಮೊದಲನೆಯದು ಮೋಸುಲ್ ಪ್ರಕರಣ. 2014ರ ಜೂನ್‌ನಲ್ಲಿ ಇರಾಕಿನ ಮೋಸುಲ್ ನಗರ ಐಎಸ್ ಉಗ್ರರ ಕೈಗೆ ಬಿತ್ತು. ಕಟ್ಟಡ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ 40 ಮಂದಿ ಭಾರತೀಯರನ್ನು ಅವರು ಹಿಡಿದೊಯ್ದರು. ಒಬ್ಬ ಮಾತ್ರ ತಪ್ಪಿಸಿಕೊಂಡು ಬಂದ. ಉಳಿದವರನ್ನೆಲ್ಲ ಗುಂಡಿಕ್ಕಿ ಕೊಂದರೆಂದು ಅವನು ಹೇಳಿದ. ಸರ್ಕಾರ ಅವನ ಮಾತನ್ನು ಒಪ್ಪಲಿಲ್ಲ. ಅದೇ ಜುಲೈನಲ್ಲಿ ತಿಕ್ರಿತ್‌ನ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡಿದ್ದ 46 ದಾದಿಯರು, ಹೆಚ್ಚಿನವರು ಕೇರಳದವರು, ಸುರಕ್ಷಿತವಾಗಿ ಕೊಚ್ಚಿಗೆ ಬಂದಿಳಿದರು. ಹಾಗಿರುವಾಗ ಈ 39 ಮಂದಿಯೂ ಬರಬಹುದು ಎಂದು ಮನೆಯವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅವರಲ್ಲಿ 27 ಮಂದಿ ಪಂಜಾಬಿನವರು, 6 ಮಂದಿ ಬಿಹಾರದವರು, 4 ಮಂದಿ ಹಿಮಾಚಲದವರು, ಇಬ್ಬರು ಪಶ್ಚಿಮ ಬಂಗಾಳದವರು.

ನಾಲ್ಕು ವರ್ಷಗಳ ಕಾಲ ಈ ವಿಷಯ ಸದನದಲ್ಲಿ ಮತ್ತೆ ಮತ್ತೆ ಎದ್ದಿತು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ನಿಲುವು ಒಂದೇ ಆಗಿತ್ತು. ಸತ್ತರೆಂಬುದಕ್ಕೆ ಪುರಾವೆ ಇಲ್ಲ, ಪುರಾವೆ ಇಲ್ಲದೆ ಸತ್ತರೆಂದು ಘೋಷಿಸುವುದು ಪಾಪ, ಆ ಪಾಪ ನಾನು ಮಾಡಲಾರೆ ಎಂದು 2017ರ ಜುಲೈನಲ್ಲಿ ಲೋಕಸಭೆಗೆ ಹೇಳಿದರು. ಇದರಲ್ಲಿ ನ್ಯಾಯವಿದೆ. ಸತ್ತರೆಂದು ಕಡತ ಮುಚ್ಚಿದ ಮೇಲೆ ಹುಡುಕಾಟಕ್ಕೆ ಯಾರು ಹಣ ಕೊಡುತ್ತಾರೆ, ಯಾವ ಅಧಿಕಾರಿ ಇರಾಕಿಗೆ ಹೋಗುತ್ತಾನೆ? ಆದರೆ ಅದೇ ವರ್ಷಗಳಲ್ಲಿ ಸರ್ಕಾರ ಬೇರೆ ಮೂಲಗಳನ್ನು ಉಲ್ಲೇಖಿಸಿ ಅವರು ಬದುಕಿದ್ದಾರೆ ಎಂದೂ ಹೇಳುತ್ತಿತ್ತು. ಪುರಾವೆ ಇಲ್ಲ ಎಂಬುದಕ್ಕೂ ಬದುಕಿದ್ದಾರೆ ಎಂಬುದಕ್ಕೂ ಬಹಳ ಅಂತರವಿದೆ. ಸದನದಲ್ಲಿ ಕೂತವರಿಗೆ ಅದು ಗೊತ್ತಾಗುತ್ತದೆ. ಹಳ್ಳಿಯಲ್ಲಿ ಟಿ.ವಿ. ಮುಂದೆ ಕೂತ ತಾಯಿಗೆ ಗೊತ್ತಾಗುವುದಿಲ್ಲ. ಆ ಅಂತರವನ್ನು ಪಟ್ಟು ಹಿಡಿದು ಕೇಳಬೇಕಾದದ್ದು ವಿರೋಧ ಪಕ್ಷದ ಕೆಲಸವಾಗಿತ್ತು. ಕೇಳಿದವರಿದ್ದರು. ಆದರೆ ಹೆಚ್ಚಿನ ಸಲ ಮಾತು ಸರ್ಕಾರ ದಾರಿ ತಪ್ಪಿಸುತ್ತಿದೆಯೇ ಇಲ್ಲವೇ ಎಂಬ ಜಗಳದ ಕಡೆಗೇ ಹೊರಳಿತು.

2017ರಲ್ಲಿ ಮೋಸುಲ್ ಮತ್ತೆ ಇರಾಕ್ ಸೇನೆಯ ವಶಕ್ಕೆ ಬಂದಿತು. ಸಚಿವ ವಿ.ಕೆ. ಸಿಂಗ್ ಅಲ್ಲಿಗೆ ಹೋದರು. ಬದೂಶ್ ಎಂಬಲ್ಲಿ ಒಂದು ಮಣ್ಣಿನ ದಿಬ್ಬದ ಅಡಿ ದೇಹಗಳಿವೆ ಎಂಬ ಸುಳಿವು ಸಿಕ್ಕಿತು. ನೆಲದಡಿ ನೋಡುವ ರಾಡಾರ್ ಬಳಸಿ, ಅಗೆದು, ಸಿಕ್ಕ 39 ದೇಹಗಳ ಡಿಎನ್ಎಯನ್ನು ಮನೆಯವರ ಮಾದರಿಗಳೊಂದಿಗೆ ಹೋಲಿಸಿದರು. ಉದ್ದ ಕೂದಲು, ಕೈಯ ಕಡಗ ಸಹ ಗುರುತಾದವು. 2018ರ ಮಾರ್ಚ್ 20ರಂದು ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ಎದ್ದುನಿಂತು 39 ಮಂದಿಯೂ ಮೃತರಾಗಿದ್ದಾರೆಂದು ಹೇಳಿದರು. 38 ಮಂದಿಯ ಡಿಎನ್ಎ ಹೊಂದಿಕೆಯಾಗಿತ್ತು, ಒಬ್ಬನದು ಶೇಕಡ 70ರಷ್ಟು ಹೊಂದಿಕೆಯಾಗಿತ್ತು. ಮೇಲ್ಮನೆ ಮೌನವಾಗಿ ಕೇಳಿತು. ಅಂದು ಲೋಕಸಭೆಯಲ್ಲಿ ಗದ್ದಲ, ಅಲ್ಲಿ ಇದೇ ಹೇಳಿಕೆ ಕೊಡಲಾಗಲಿಲ್ಲ.

ಮನೆಯವರಿಗೆ ಸುದ್ದಿ ತಿಳಿದದ್ದು ಟಿ.ವಿ. ನೋಡಿ. ನಮಗೆ ಮೊದಲು ಒಂದು ಫೋನ್ ಮಾಡಬಾರದಿತ್ತೇ ಎಂದು ಅವರು ಕೇಳಿದರು. ಅಧಿವೇಶನ ನಡೆಯುತ್ತಿರುವಾಗ ಮೊದಲು ಸಂಸತ್ತಿಗೆ ತಿಳಿಸುವುದು ನನ್ನ ಕರ್ತವ್ಯ ಎಂಬುದು ಸಚಿವೆಯ ಉತ್ತರ. ಇದು ನಿಜವಾಗಿಯೂ ಇರುವ ಸಂಪ್ರದಾಯವೇ. ಸದನ ಕೂತಿರುವಾಗ ಮಂತ್ರಿಗಳು ಮಹತ್ವದ ಘೋಷಣೆಯನ್ನು ಹೊರಗೆ, ಪತ್ರಕರ್ತರ ಮುಂದೆ ಮಾಡಿದರೆ ಸದಸ್ಯರು ಆಕ್ಷೇಪಿಸುತ್ತಾರೆ, ಆಕ್ಷೇಪಿಸಬೇಕು ಸಹ. ಆದರೆ ಆ ಸಂಪ್ರದಾಯ ಹುಟ್ಟಿದ್ದು ಸರ್ಕಾರದ ನೀತಿ ನಿರ್ಧಾರಗಳು ಸದನವನ್ನು ದಾಟಿ ಹೋಗಬಾರದೆಂದು. ಸಾವಿನ ಸುದ್ದಿ ನೀತಿ ನಿರ್ಧಾರವಲ್ಲ. ಜಿಲ್ಲಾಧಿಕಾರಿಗಳ ಮೂಲಕ ಅರ್ಧ ಗಂಟೆ ಮೊದಲು 39 ಮನೆಗಳಿಗೆ ತಿಳಿಸಿದ್ದರೆ ಸದನದ ಹಕ್ಕಿಗೆ ಚ್ಯುತಿ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಏಪ್ರಿಲ್ 2ರಂದು 38 ಶವಪೆಟ್ಟಿಗೆಗಳು ಅಮೃತಸರಕ್ಕೆ ಬಂದವು.

ಇಷ್ಟಾದರೂ ಮೋಸುಲ್ ವಿಷಯದಲ್ಲಿ ಕೇಳುವುದಕ್ಕೆ ಒಂದು ಜಾಗವಿತ್ತು. ಎಲ್ಲ ಸಲವೂ ಹಾಗಿರುವುದಿಲ್ಲ. 17ನೇ ಲೋಕಸಭೆ ತನ್ನ ಐದು ವರ್ಷಗಳಲ್ಲಿ ಕೂತದ್ದು 274 ದಿನ. ಅಂದರೆ ವರ್ಷಕ್ಕೆ ಎರಡು ತಿಂಗಳೂ ಇಲ್ಲ. ಹೊರದೇಶದಲ್ಲಿ ಯುದ್ಧ ಶುರುವಾಗುವುದು ನಮ್ಮ ಅಧಿವೇಶನದ ದಿನ ನೋಡಿಕೊಂಡಲ್ಲವಲ್ಲ!

ಸುಡಾನ್ ಇದಕ್ಕೆ ಉದಾಹರಣೆ. 2023ರ ಏಪ್ರಿಲ್ 6ಕ್ಕೆ ಬಜೆಟ್ ಅಧಿವೇಶನ ಮುಗಿಯಿತು. 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿತು. ಅಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಸಿಕ್ಕಿಕೊಂಡಿದ್ದರು. ಮೈಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಈ ಬುಡಕಟ್ಟಿನವರು ಗಿಡಮೂಲಿಕೆ ಔಷಧಿ, ಕೂದಲಿನ ಎಣ್ಣೆ ಮಾರಲು ಆಫ್ರಿಕಾದವರೆಗೆ ಹೋಗುತ್ತಾರೆಂಬುದು ಕರ್ನಾಟಕದವರಲ್ಲೇ ಅನೇಕರಿಗೆ ಗೊತ್ತಾದದ್ದು ಆಗ. ಇತ್ತ ರಾಜ್ಯದಲ್ಲಿ ವಿಧಾನಸಭಾ ಚುನಾವಣೆಯ ಬಿಸಿ. ಹಕ್ಕಿಪಿಕ್ಕಿಗಳ ರಕ್ಷಣೆಗೆ ಸರ್ಕಾರ ಮುಂದಾಗಬೇಕೆಂದು ಸಿದ್ದರಾಮಯ್ಯನವರು ಟ್ವಿಟರ್‌ನಲ್ಲಿ ಬರೆದರು. ಜೀವಗಳು ಪಣಕ್ಕಿರುವಾಗ ರಾಜಕೀಯ ಮಾಡಬೇಡಿ ಎಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಅಲ್ಲೇ ಖಾರವಾಗಿ ಉತ್ತರಿಸಿದರು. ಯಾರು ಸರಿ ಎಂಬ ತೀರ್ಪು ಕೊಡಲು ನಾನು ಇಲ್ಲಿಗೆ ಬಂದಿಲ್ಲ. ನಾನು ಹೇಳಹೊರಟದ್ದು ಇಷ್ಟೆ: ಸದನದಲ್ಲಾಗಿದ್ದರೆ ಸಚಿವರ ಉತ್ತರದ ಮೇಲೆ ಇನ್ನೊಬ್ಬ ಸದಸ್ಯ ಉಪಪ್ರಶ್ನೆ ಕೇಳಬಹುದಿತ್ತು, ಉತ್ತರ ತಪ್ಪಿದ್ದರೆ ಮಂತ್ರಿಯನ್ನು ಹಿಡಿಯಬಹುದಿತ್ತು. ಟ್ವಿಟರ್‌ನಲ್ಲಿ ಆ ವ್ಯವಸ್ಥೆ ಇಲ್ಲ. ಆಮೇಲೆ ‘ಆಪರೇಷನ್ ಕಾವೇರಿ’ ನಡೆಯಿತು. ನೌಕಾಪಡೆಯ ಹಡಗುಗಳು, ವಾಯುಪಡೆಯ ವಿಮಾನಗಳು ಪೋರ್ಟ್ ಸುಡಾನ್‌ನಿಂದ ಜಿದ್ದಾಕ್ಕೆ ಜನರನ್ನು ಸಾಗಿಸಿದವು. ಒಟ್ಟು 3,862 ಮಂದಿ ಪಾರಾದರು, ಹಕ್ಕಿಪಿಕ್ಕಿಗಳೂ ಊರು ಸೇರಿದರು.

ಇಂಥ ತೆರವು ಕಾರ್ಯಾಚರಣೆಗಳಲ್ಲಿ ನಮ್ಮ ದೇಶಕ್ಕೆ ಒಳ್ಳೆಯ ಹೆಸರಿದೆ, ಅದನ್ನು ಒಪ್ಪಬೇಕು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋದರು. ಸದ್ದಾಂ ಹುಸೇನ್ ಅವರನ್ನು ಆಲಂಗಿಸಿದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂದು ಟೀಕೆಗೆ ಗುರಿಯಾಯಿತು. ಆದರೆ ಜನ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಲು ದಾರಿಯಾಯಿತು. 59 ದಿನಗಳಲ್ಲಿ ಏರ್ ಇಂಡಿಯಾದ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮರಳಿದರು. ಆ ಆಲಿಂಗನ ಸರಿಯೇ ತಪ್ಪೇ ಎಂಬ ಮಾತು ಇಂದಿಗೂ ನಡೆಯುತ್ತದೆ. ವಿಮಾನ ಹತ್ತಿದವರ ಮನೆಯಲ್ಲಿ ಕೇಳಿದರೆ ಉತ್ತರ ಬೇರೆ ಬಂದೀತು.

ಯುದ್ಧದ ದಿನ ವಿಮಾನ ಕಳುಹಿಸುವುದಕ್ಕೆ ದೆಹಲಿ ಸಮರ್ಥವಾಗಿದೆ. ತೊಡಕಿರುವುದು ಆ ಮನುಷ್ಯ ಊರು ಬಿಟ್ಟು ಹೊರಟ ದಿನದಲ್ಲಿ. ಅಂದು ಅವನು ಯಾವ ಕಾಗದಕ್ಕೆ ಸಹಿ ಹಾಕಿದ, ಏಜೆಂಟನಿಗೆ ಎಷ್ಟು ಕೊಟ್ಟ, ವೀಸಾದ ಮೇಲೆ ಏನು ಬರೆದಿತ್ತು? ಗಲ್ಫಿನಲ್ಲಿ ಕಫೀಲನ, ಅಂದರೆ ಪ್ರಾಯೋಜಕ ಮಾಲೀಕನ ಹೆಸರಿಗೆ ವೀಸಾ ಅಂಟಿಕೊಂಡಿರುತ್ತದೆ. ಅವನು ಪಾಸ್‌ಪೋರ್ಟ್ ಇಟ್ಟುಕೊಂಡರೆ ನಮ್ಮ ರಾಯಭಾರ ಕಚೇರಿ ಮನವಿ ಮಾಡಬಹುದು, ಬಂಧಿತನನ್ನು ಕಾಣಬಹುದು. 1963ರ ವಿಯೆನ್ನಾ ಒಪ್ಪಂದ ಅಷ್ಟು ಹಕ್ಕು ಕೊಡುತ್ತದೆ. ಆ ದೇಶದ ಕಾನೂನನ್ನು ಬದಲಿಸಲು ನಮ್ಮ ಸಂಸತ್ತಿಗೆ ಸಾಧ್ಯವಿಲ್ಲ. ಬದಲಿಸಲು ಸಾಧ್ಯವಿರುವುದು ಹೊರಡುವ ತುದಿಯ ಕಾನೂನು ಮಾತ್ರ.

ಆ ಕಾನೂನಿಗೆ ದೊಡ್ಡ ಚರಿತ್ರೆ ಇದೆ. ಬ್ರಿಟಿಷರು 1834ರಿಂದ ಮಾರಿಷಸ್‌ಗೆ, ಆಮೇಲೆ ನೇಟಾಲ್, ಫಿಜಿ ಮುಂತಾದ ಕಡೆಗೆ ಕರಾರು ಕೂಲಿಗಳನ್ನು ಹಡಗಿನಲ್ಲಿ ಸಾಗಿಸುತ್ತಿದ್ದರು. 1910ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸರಾಯರ ಶಾಸನ ಸಭೆಯಲ್ಲಿ ನೇಟಾಲಿಗೆ ಕೂಲಿಗಳನ್ನು ಕಳುಹಿಸುವುದನ್ನು ತಡೆಯಬೇಕೆಂದು ನಿರ್ಣಯ ಮಂಡಿಸಿದರು. ಸರ್ಕಾರ ಒಪ್ಪಿತು, 1911ರಲ್ಲಿ ಅದು ನಿಂತಿತು. 1912ರಲ್ಲಿ ಅವರು ಇಡೀ ಕರಾರು ಪದ್ಧತಿಯೇ ಹೋಗಲಿ ಎಂದರು. ಆ ನಿರ್ಣಯ ಸೋತಿತು. 1916ರಲ್ಲಿ ಮದನಮೋಹನ ಮಾಳವೀಯರು ಮತ್ತೆ ತಂದಾಗ ವೈಸರಾಯ್ ಹಾರ್ಡಿಂಜ್ ತತ್ತ್ವತಃ ಒಪ್ಪಿದರು. ಮಂತ್ರಿಗಳನ್ನು ಇಳಿಸುವ ಅಧಿಕಾರವಾಗಲಿ, ಬಹುಮತವಾಗಲಿ ಇಲ್ಲದ ಸಭೆಯಲ್ಲಿ ಅಂಕಿ ಅಂಶ ಮುಂದಿಟ್ಟುಕೊಂಡು ಮಾತಾಡಿ ಇಷ್ಟು ಸಾಧಿಸಿದ್ದು ನನಗೆ ಇಂದಿಗೂ ಅಚ್ಚರಿಯ ವಿಷಯ.

1922ರಲ್ಲಿ ವಲಸೆ ಕಾಯ್ದೆ ಬಂತು. 1973ರ ನಂತರ ತೈಲದ ಬೆಲೆ ಏರಿ ಗಲ್ಫಿನ ಬಾಗಿಲು ತೆರೆದಾಗ ಆ ಹಳೆಯ ಕಾಯ್ದೆ ಸಾಲದಾಯಿತು. ಹಾಗಾಗಿ 1983ರ ವಲಸೆ ಕಾಯ್ದೆ. ಇದರ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಸೇರಿಸುವ ಏಜೆಂಟ್ ನೋಂದಣಿ ಮಾಡಿಸಬೇಕು, ಠೇವಣಿ ಇಡಬೇಕು. ಅವನು ಪಡೆಯಬಹುದಾದ ಶುಲ್ಕಕ್ಕೆ ಮಿತಿ ಇದೆ. ನಿಯಮದಲ್ಲಿ ಅದು ತೆರಿಗೆ ಬಿಟ್ಟು 30,000 ರೂಪಾಯಿ. ನಿಮ್ಮ ಊರಿನಲ್ಲಿ ಎಷ್ಟು ನಡೆಯುತ್ತದೆಂದು ನಾನು ಹೇಳಬೇಕಿಲ್ಲ, ನೀವೇ ನಗುತ್ತಿದ್ದೀರಿ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್ ಗುರುತು ಬೀಳುತ್ತದೆ. ಅವರು ಗಲ್ಫ್ ರಾಷ್ಟ್ರಗಳೂ ಸೇರಿದಂತೆ ಗುರುತಿಸಿದ 18 ದೇಶಗಳಿಗೆ ದುಡಿಯಲು ಹೋಗುವ ಮುನ್ನ ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಆ ಅಧಿಕಾರಿ ಕೆಲಸದ ಕರಾರನ್ನು ನೋಡುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಈ ತಪಾಸಣೆ ಇಲ್ಲ. ಪ್ರವಾಸಿ ವೀಸಾದಲ್ಲಿ ವಿಮಾನ ಹತ್ತಿದವನಿಗೂ ಇಲ್ಲ. ಸರಕು ಹೊತ್ತು ವ್ಯಾಪಾರಕ್ಕೆ ಹೋದ ಹಕ್ಕಿಪಿಕ್ಕಿಗಳು, ಸುಡಾನ್ ಆ 18ರ ಪಟ್ಟಿಯಲ್ಲಿದ್ದರೂ, ಈ ಬಲೆಯೊಳಗೆ ಬರುವವರೇ ಅಲ್ಲ.

ರಷ್ಯಾ ಪಟ್ಟಿಯಲ್ಲೇ ಇಲ್ಲ. 2023ರ ಕೊನೆಯಿಂದ ಏಜೆಂಟರು ಕೆಲಸದ ಆಸೆ ತೋರಿಸಿ ಕರೆದೊಯ್ದ ಯುವಕರು ಉಕ್ರೇನ್ ಯುದ್ಧದಲ್ಲಿ ರಷ್ಯಾ ಸೇನೆಯ ಜತೆ ಸಿಕ್ಕಿಕೊಂಡರು. ಕಲಬುರಗಿ ಜಿಲ್ಲೆಯ ಹುಡುಗರೂ ಅವರಲ್ಲಿದ್ದರು. ತಿಂಗಳುಗಟ್ಟಲೆ ಸಂಖ್ಯೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. 2024ರ ಆಗಸ್ಟ್ 9ರಂದು ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಸಚಿವ ಜೈಶಂಕರ್ ಲೆಕ್ಕ ಕೊಟ್ಟರು: ಒಟ್ಟು 91 ಮಂದಿ, ಸತ್ತವರು 8, ಬಿಡುಗಡೆಯಾದವರು 14, ಇನ್ನೂ ಕಾಯುತ್ತಿರುವವರು 69. ಸಿಬಿಐ ಮೊಕದ್ದಮೆ ಹೂಡಿದ ವಿಷಯವೂ ಹೊರಬಂತು. ಮುಂದಿನ ತಿಂಗಳು ಕಲಬುರಗಿಯ ಯುವಕರು ಮನೆಗೆ ಬಂದರು. ಪ್ರಧಾನಿ ಅದಕ್ಕೂ ಮೊದಲೇ ಜುಲೈನಲ್ಲಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದ್ದರು, ಹಾಗಾಗಿ ಬಿಡುಗಡೆಯೆಲ್ಲ ಆ ಒಂದು ಪ್ರಶ್ನೆಯ ಫಲ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ 69 ಎಂಬ ಅಂಕಿ ಕಡತ ಸೇರಿದ ಮೇಲೆ ಮುಂದಿನ ಅಧಿವೇಶನದಲ್ಲಿ ಅದು ಎಷ್ಟಕ್ಕೆ ಇಳಿಯಿತು ಎಂದು ಯಾವ ಸದಸ್ಯ ಬೇಕಾದರೂ ಕೇಳಬಹುದು.

ಮನೆಯವರಿಗೆ ಇಲ್ಲಿ ಉಪಯೋಗಕ್ಕೆ ಬರುವ ಒಂದೆರಡು ವಿಷಯ ಹೇಳಿಬಿಡುತ್ತೇನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ದಿನಕ್ಕೆ 20 ಮಾತ್ರ ಪಟ್ಟಿಗೆ ಬರುತ್ತವೆ. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ, ಅದಕ್ಕೆ ಅವಕಾಶ ಹೆಚ್ಚು. ಎರಡಕ್ಕೂ ಸುಮಾರು ಎರಡು ವಾರ ಮೊದಲು ನೋಟಿಸ್ ಕೊಡಬೇಕು. ತುರ್ತಿದ್ದರೆ ಶೂನ್ಯ ವೇಳೆ ಇದೆ, ಆದರೆ ಅಲ್ಲಿ ಮಂತ್ರಿ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ನಿಮ್ಮ ಸಂಸದರಿಗೆ ಅರ್ಜಿ ಕೊಡುವಾಗ ‘ನಮ್ಮ ಹುಡುಗನನ್ನು ಬಿಡಿಸಿಕೊಡಿ’ ಎಂದಷ್ಟೇ ಬರೆಯಬೇಡಿ. ಏಜೆಂಟನ ನೋಂದಣಿ ಸಂಖ್ಯೆ, ಕೊಟ್ಟ ಹಣ, ವೀಸಾದ ಬಗೆ, ಮಾಲೀಕನ ಹೆಸರು ಬರೆಯಿರಿ. ನೋಂದಣಿ ಸಂಖ್ಯೆ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ, ಅದೇ ದೊಡ್ಡ ಮಾಹಿತಿ.

1983ರ ಕಾಯ್ದೆಯ ಜಾಗಕ್ಕೆ ಹೊಸತು ತರಬೇಕೆಂದು 2019ರಲ್ಲಿ ಒಂದು ಕರಡು, 2021ರಲ್ಲಿ ಇನ್ನೊಂದು ಕರಡು, 2025ರಲ್ಲಿ ಮತ್ತೊಂದು ಕರಡು ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದವು. ಪ್ರತಿ ಕರಡಿನಲ್ಲೂ ನಾನು ಮೊದಲು ಹುಡುಕಿದ್ದು ಉಪಏಜೆಂಟನನ್ನು. ಮುಂಬೈಯ ನೋಂದಾಯಿತ ಕಚೇರಿಗೆ ನಮ್ಮ ಹುಡುಗರು ನೇರವಾಗಿ ಹೋಗುವುದಿಲ್ಲ. ಬಸ್ ನಿಲ್ದಾಣದ ಬಳಿ ಟ್ರಾವೆಲ್ಸ್ ಅಂಗಡಿ ಇಟ್ಟ, ಮದುವೆ ಮನೆಯಲ್ಲಿ ಪರಿಚಯವಾದ, ದೂರದ ಸಂಬಂಧಿಯೂ ಆದ ಒಬ್ಬ ಮಧ್ಯದಲ್ಲಿರುತ್ತಾನೆ. ಹಣ ಕೊಡುವುದು ಅವನ ಕೈಗೆ, ರಸೀದಿ ಇಲ್ಲದೆ. ಕಾಯ್ದೆ ಅವನನ್ನು ಹೇಗೆ ಹಿಡಿಯುತ್ತದೆ ಎಂದು ನಮ್ಮ ಸಂಸದರು ಕೇಳಲಿ. ನೀವೂ ಮುಂದಿನ ಚುನಾವಣೆಯಲ್ಲಿ ಅವರನ್ನು ಕೇಳಿ.

ನನ್ನ ಮಾತು ಮುಗಿಯಿತು. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿರುವವರು ಮೊದಲು ಕೇಳಲಿ.