ಬೆವರಿನೊಡನೆ ಹೋಗುವ ಉಪ್ಪು

ತೋಟದ ನೆರಳಿದ್ದ ಮಾತ್ರಕ್ಕೆ ಮಲೆನಾಡಿನ ಬೇಸಿಗೆ ನಿರಪಾಯಕರವಲ್ಲ. ಏಪ್ರಿಲ್, ಮೇ ತಿಂಗಳ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಮೈ ತಣಿಯದೆ, ನೀರೂ ಉಪ್ಪೂ ವ್ಯರ್ಥವಾಗಿ ಹರಿದುಹೋಗುತ್ತವೆ. ದರಗು ಹೊರುವವರು ಬಾಯಾರಿಕೆಗಾಗಿ ಕಾಯಬಾರದು. ಮೂತ್ರ ಕಡುಹಳದಿಯಾಗಿ ಕಡಿಮೆಯಾದರೆ, ತಲೆ ಸುತ್ತಿದರೆ, ಮೀನಖಂಡ ಸೆಳೆದರೆ ದೇಹದ ನೀರು ಇಂಗಿದೆಯೆಂದೇ ತಿಳಿಯಬೇಕು. ಆಗ ನೆರಳಿನಲ್ಲಿ ಕೂರಿಸಿ, 1 ಲೀಟರ್ ಶುದ್ಧ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸಬೇಕು. ಸಕ್ಕರೆ ರುಚಿಗಲ್ಲ, ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ಅದು ನೆರವಾಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆಯೂ ಆದೀತು, ಉಪಚಾರದ ಕಾಫಿಯಲ್ಲ.

ಮೈ ಸುಡುತ್ತ ಮಾತು ತಡವರಿಸಿದರೆ ಅದು ಉಷ್ಣಾಘಾತ. ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆಮಾಡಿ, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಆಂಬುಲೆನ್ಸ್ ಘಟ್ಟ ಹತ್ತಿ ಬರುವವರೆಗೂ ನಿಲ್ಲಿಸಬಾರದು.