ನೇರಳೆ ಹಣ್ಣು ಮತ್ತು ಯಕೃತ್ತಿನ ಕೊಬ್ಬು



ನೇರಳೆ ಹಣ್ಣು ತಿಂದಾಗ ನಾಲಗೆಗೆ ಬಣ್ಣ ಹತ್ತುವುದನ್ನು ನೀವೆಲ್ಲರೂ ಬಲ್ಲಿರಿ. ಆ ಬಣ್ಣಕ್ಕೆ ಕಾರಣವಾದ ವಸ್ತುವೇ ಆಂಥೋಸಯಾನಿನ್. ಇಂತಹ ಸಸ್ಯವಸ್ತುಗಳನ್ನು ಕೊಟ್ಟ ಇಲಿಗಳ ಯಕೃತ್ತಿನಲ್ಲಿ, ಎಂದರೆ ಪಿತ್ತಜನಕಾಂಗದಲ್ಲಿ, ಕೊಬ್ಬಿನ ಶೇಖರಣೆ ತಗ್ಗಿದುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಸಣ್ಣವು. ಫಲಿತಾಂಶವೂ ಒಂದೇ ತೆರನಾಗಿಲ್ಲ. ಆದುದರಿಂದ ಹಣ್ಣನ್ನು ಆಹಾರವೆಂದು ಸೇವಿಸಿರಿ. ಔಷಧವೆಂದು ನಂಬಿ ಚಿಕಿತ್ಸೆಯನ್ನು ಕೈಬಿಡದಿರಿ.

ಯಕೃತ್ತಿನಲ್ಲಿ ಕೊಬ್ಬು ಶೇಕಡ 5ನ್ನು ಮೀರಿದರೆ ಅದು ರೋಗವೆನಿಸುತ್ತದೆ. ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ಬೊಜ್ಜು ಮತ್ತು ಸಿಹಿಮೂತ್ರ ರೋಗವುಳ್ಳವರಲ್ಲಿ ಹೆಚ್ಚು. ಮೊದಮೊದಲು ನೋವಿಲ್ಲ, ಕಾಮಾಲೆಯಿಲ್ಲ. ಆದರೆ ಕೆಲವರಲ್ಲಿ ಯಕೃತ್ತು ಉರಿಯೂತಕ್ಕೊಳಗಾಗಿ, ಕ್ರಮೇಣ ಗಡುಸಾಗಿ, ಪ್ರಾಣಕ್ಕೇ ಅಪಾಯ ಒದಗುತ್ತದೆ. ಭಾರತ ಸರ್ಕಾರವು 2021ರಲ್ಲಿ ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಇದಕ್ಕೆ ಮುಖ್ಯ ಪರಿಹಾರವೆಂದರೆ ಹೆಚ್ಚಿನ ತೂಕವನ್ನು ಇಳಿಸುವುದು. 80 ಕಿಲೋ ತೂಗುವವರು 4 ಕಿಲೋ ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. 6ರಿಂದ 8 ಕಿಲೋ ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಇದನ್ನು ಆತುರಪಡದೆ, ಉಪವಾಸ ಬೀಳದೆ, ತಿಂಗಳುಗಳ ಅವಧಿಯಲ್ಲಿ ಸಾಧಿಸಬೇಕು. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಸಕ್ಕರೆ, ಕರಿದ ತಿಂಡಿಗಳನ್ನು ಮಿತಗೊಳಿಸಿರಿ. ಮದ್ಯವನ್ನು ತ್ಯಜಿಸಿರಿ.

ನೇರಳೆಯನ್ನು ಹಣ್ಣಾಗಿಯೇ ತಿನ್ನಿರಿ. ಸಕ್ಕರೆ ಬೆರೆಸಿ ಶರಬತ್ತು ಮಾಡಿದರೆ ಉದ್ದೇಶವೇ ಕೆಡುತ್ತದೆ. ‘ಗಿಡಮೂಲಿಕೆಯಲ್ಲವೇ, ಏನೂ ಆಗದು’ ಎಂದು ಪುಡಿ, ಕಷಾಯಗಳನ್ನು ವೈದ್ಯರನ್ನು ಕೇಳದೆ ಸೇವಿಸಬೇಡಿರಿ. ಕೆಲವು ಮೂಲಿಕೆಗಳಿಂದಲೇ ಯಕೃತ್ತಿಗೆ ಹಾನಿಯಾದುದುಂಟು.

ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷಿಸಿಕೊಳ್ಳಿರಿ. ನೋವು ಕಾಣಿಸಿಕೊಳ್ಳಲೆಂದು ಕಾಯಬೇಡಿರಿ.