ಉಳಿದ ಸಸಿಗಳನ್ನೂ ಎಣಿಸೋಣ

(ಮಳೆಗಾಲಕ್ಕೆ ಮುನ್ನ ನಡೆದ ಮೂರು ದಿನಗಳ ಅರಣ್ಯ ಸಂರಕ್ಷಣಾ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಿನ್ನೆ ಸಂಜೆಯ ಗುಂಪು ಚರ್ಚೆಯಲ್ಲಿ ಒಬ್ಬ ವಿದ್ಯಾರ್ಥಿನಿ ಒಂದು ಪ್ರಶ್ನೆ ಕೇಳಿದಳು. "ಪಶ್ಚಿಮ ಘಟ್ಟ ಸುಮಾರು 1,600 ಕಿಲೋಮೀಟರ್ ಉದ್ದ ಹಬ್ಬಿದೆ. ನಾವು ಮೂರು ದಿನ ಬೆವರು ಸುರಿಸಿ ತೋಡಿದ್ದು ನಲವತ್ತು ಇಂಗುಗುಂಡಿ. ಇದರಿಂದ ಏನಾದೀತು ಸರ್?" ಅವಳು ಕುಚೋದ್ಯಕ್ಕೆ ಕೇಳಿದ್ದಲ್ಲ. ಅವಳ ಅಂಗೈಯಲ್ಲಿ ಹಾರೆ ಹಿಡಿದ ಬೊಬ್ಬೆಗಳಿದ್ದವು. ನಿನ್ನೆ ನಾನು ಉತ್ತರ ಹೇಳಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆಯಲ್ಲಿದ್ದೆ. ಈ ಸಮಾರೋಪದ ಮಾತುಗಳನ್ನು ಅದರ ಉತ್ತರವೆಂದೇ ತಿಳಿಯಬೇಕಾಗಿ ವಿನಂತಿ.

ಇದೇ ಪ್ರಶ್ನೆಯನ್ನು ಬಹಳ ವರ್ಷಗಳ ಹಿಂದೆ ನಮ್ಮ ಬಳಗದ ಒಬ್ಬ ತರುಣ ಕೇಳಿದ್ದ. ಮೂರು ಬೇಸಿಗೆ ಸತತವಾಗಿ ಅವನು ನಮ್ಮೂರ ಮೇಲಿನ ಗುಡ್ಡವನ್ನು ಬೆಂಕಿಯಿಂದ ಕಾದವನು. ಫೆಬ್ರುವರಿಯಲ್ಲಿ ದರಕು ಗುಡಿಸಿ ಬೆಂಕಿರೇಖೆ ಮಾಡುವುದು, ಮಧ್ಯಾಹ್ನದ ಬಿಸಿಲಲ್ಲಿ ಹೊಗೆ ಕಂಡಲ್ಲಿಗೆ ಹಸಿಸೊಪ್ಪಿನ ಕಟ್ಟು ಹಿಡಿದು ಓಡುವುದು, ಇದು ಅವನ ಕೆಲಸವಾಗಿತ್ತು. ನಾವೋ ಪ್ರತಿ ಸಭೆಯಲ್ಲೂ ಕಳೆದುಕೊಂಡ ಕಾಡಿನ ಲೆಕ್ಕವನ್ನೇ ಓದುತ್ತಿದ್ದೆವು. ಮುಳುಗಡೆಯ ಲೆಕ್ಕ, ಗಣಿಯ ಲೆಕ್ಕ, ಅಕೇಶಿಯಾ ನೆಡುತೋಪಿನ ಲೆಕ್ಕ. ಎಲ್ಲವೂ ನಿಜವೇ. ಆದರೆ ನಾಲ್ಕನೆಯ ವರ್ಷ ಅವನು, "ಏನೂ ಆಗಲಿಲ್ಲ ಅಣ್ಣಾ" ಎಂದು ಹೇಳಿ ಪೇಟೆಯ ಕೆಲಸಕ್ಕೆ ಹೊರಟುಹೋದ. ಪೇಟೆಗೆ ಹೋದದ್ದು ತಪ್ಪಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಏನೂ ಆಗಲಿಲ್ಲ ಎಂಬ ಭಾವನೆಯನ್ನು ಹೊತ್ತುಕೊಂಡು ಹೋದನಲ್ಲ, ಅದರ ಹೊಣೆ ನಮ್ಮದು. ಅವನು ಕಾದ ಇಳಿಜಾರಿನಲ್ಲಿ ಮೂರು ವರ್ಷ ಬೆಂಕಿ ಬಿದ್ದಿರಲಿಲ್ಲ. ಹೊನ್ನೆ, ಮತ್ತಿ, ನಂದಿಯ ಮರಿಗಳು ತಾವಾಗಿಯೇ ಎದ್ದು ಮೊಣಕಾಲೆತ್ತರಕ್ಕೆ ಬಂದಿದ್ದವು. ಅದನ್ನು ಯಾರೂ ಅವನಿಗೆ ತೋರಿಸಲಿಲ್ಲ. ನಾವೇ ನೋಡಿರಲಿಲ್ಲ, ಇನ್ನು ತೋರಿಸುವುದೆಲ್ಲಿಂದ?

ಮಿತ್ರರೇ, ದೊಡ್ಡ ಗುರಿ ಇರಬೇಕು. ಅದರಲ್ಲಿ ರಾಜಿ ಬೇಡ. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿ ಮತ್ತು ಸುತ್ತಲಿನ ಊರುಗಳ ಜನರು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಅವರ ಗುರಿ ಆ ದಿನದ ಕೆಲವು ಮರಗಳಷ್ಟೇ ಆಗಿರಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ಇಡೀ ಸಹ್ಯಾದ್ರಿಯ ಬದುಕೇ ಅಡಗಿತ್ತು. ಆದರೆ ಆ ದಿನ ಅವರ ತೋಳಿಗೆ ದಕ್ಕಿದ್ದು ಒಬ್ಬೊಬ್ಬರಿಗೆ ಒಂದೊಂದು ಮರ ಮಾತ್ರ. ಗುರಿ ಬೆಟ್ಟದಷ್ಟಿದ್ದರೂ ಹಿಡಿತ ತೋಳಿನಷ್ಟೇ ಇರುವುದು ಮನುಷ್ಯನ ಸ್ಥಿತಿ. ಇದಕ್ಕೆ ನಾಚಬೇಕಾಗಿಲ್ಲ.

ಫಲ ಕಾಣಲು ಎಷ್ಟು ಕಾಲ ಬೇಕು ಎಂಬುದನ್ನೂ ನೋಡಿ. ಕುದುರೆಮುಖದ ಗಣಿಗಾರಿಕೆಯ ವಿರುದ್ಧದ ಹೋರಾಟಕ್ಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 2002ರಲ್ಲಿ, ಗಣಿ ನಿಂತದ್ದು 2005ರ ಕೊನೆಯಲ್ಲಿ. ಅಘನಾಶಿನಿಯ ಅಳಿವೆಗೆ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆತದ್ದು 2024ರಲ್ಲಿ. ಇನ್ನೊಂದೆಡೆ, ಬೇಡ್ತಿ ಕಣಿವೆಗಾಗಿ 1980ರ ಆಸುಪಾಸಿನಲ್ಲಿ ಹೋರಾಡಿದ ಜನರ ಮಕ್ಕಳು ಅದೇ ನದಿಯ ನೀರನ್ನು ತಿರುಗಿಸುವ ಯೋಜನೆಯ ವಿರುದ್ಧ ಮತ್ತೆ ನಿಲ್ಲಬೇಕಾಗಿ ಬಂತು. ಇಂಥ ದೀರ್ಘ ದಾರಿಯಲ್ಲಿ ಕೊನೆಯ ಗೆಲುವೊಂದನ್ನೇ ಸಂತೋಷವೆಂದು ತಿಳಿದವನು ನಡುದಾರಿಯಲ್ಲಿಯೇ ಕುಳಿತುಬಿಡುತ್ತಾನೆ.

ಕೀನ್ಯಾ ದೇಶದ ವಂಗಾರಿ ಮಾಥಾಯಿ ಅವರ ವಿಷಯ ವಿದ್ಯಾರ್ಥಿಗಳಿಗೆ ಗೊತ್ತಿರಬಹುದು. 1977ರ ಪರಿಸರ ದಿನದಂದು ಅವರು ನೈರೋಬಿಯಲ್ಲಿ ನೆಟ್ಟದ್ದು ಏಳೇ ಏಳು ಗಿಡ. ಅವುಗಳಲ್ಲೂ ಹೆಚ್ಚಿನವು ಉಳಿಯಲಿಲ್ಲ. ಏಳರಲ್ಲಿ ಎಷ್ಟು ಸತ್ತವು ಎಂಬುದೊಂದನ್ನೇ ಅವರು ಲೆಕ್ಕ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಳ್ಳಿಯ ಹೆಂಗಸರೇ ಬೀಜ ಆರಿಸಿ, ಸಸಿ ಮಾಡಿ, ನೆಟ್ಟು ನೋಡಿಕೊಳ್ಳುವ ಕ್ರಮವನ್ನು ಅವರು ಕಟ್ಟಿದರು. ಬದುಕುಳಿದ ಸಸಿಗಷ್ಟೇ ಆ ಹೆಂಗಸರಿಗೆ ಚಿಕ್ಕದೊಂದು ಸಂಭಾವನೆ ಸಲ್ಲುತ್ತಿತ್ತು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬರುವ ಹೊತ್ತಿಗೆ ಆ ಚಳವಳಿ ನೆಟ್ಟ ಮರಗಳ ಸಂಖ್ಯೆ ಮೂರು ಕೋಟಿ ಎಂದು ಲೆಕ್ಕವಾಗಿತ್ತು.

ದೂರದ ಕೀನ್ಯಾ ಏಕೆ, ನಮ್ಮದೇ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯೋಣ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಗೆ ಸೇರಿದ ಹಾಲಕ್ಕಿ ಹೆಣ್ಣುಮಗಳು ಅವರು. ಯಾವ ಜಾತಿಯ ತಾಯಿಮರದಿಂದ ಯಾವಾಗ ಬೀಜ ತರಬೇಕು, ಅದು ಹೇಗೆ ಮೊಳೆಯುತ್ತದೆ ಎಂಬುದನ್ನು ಒಂದೊಂದಾಗಿ ಕಲಿಯುತ್ತ ಹೋದರು. 2020ರ ಪದ್ಮಶ್ರೀ ಗೌರವ ಬಂದದ್ದು ದಶಕಗಳ ನಂತರ. ಪ್ರಶಸ್ತಿಯ ಮೇಲೆ ಕಣ್ಣಿಟ್ಟು ಅಷ್ಟು ವರ್ಷ ಕೂಲಿ ಮಾಡಲು ಯಾರಿಂದಲೂ ಆಗದು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅವರ ಹೆಸರು ಹೇಳಲು ಕಾಡಿನ ತುಂಬ ಮರಗಳಿದ್ದವು.

ಈಗ ನನ್ನದೇ ಸೋಲನ್ನು ಹೇಳುತ್ತೇನೆ. ನಮ್ಮ ಜಿಲ್ಲೆಯ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ನಮ್ಮ ಪಾಲಿನ ಬೆಟ್ಟ ಸೊಪ್ಪು ಸವರಿ ಸವರಿ ಬೋಳಾಗಿತ್ತು. ಮೊದಲ ವರ್ಷ ನೂರು ಸಸಿ ನೆಟ್ಟೆ. ಮರುವರ್ಷ ಜೂನಿಗೆ ಉಳಿದದ್ದು ಹದಿನೇಳು. ಒಂದು ಪುಸ್ತಕದಲ್ಲಿ "ಸತ್ತವು 83" ಎಂದು ಬರೆದಿಟ್ಟು, ಇನ್ನು ನೆಡುವುದಿಲ್ಲವೆಂದು ಕುಳಿತಿದ್ದೆ. ಪಕ್ಕದ ಮನೆಯ ಅಜ್ಜಿ ಒಬ್ಬರು ಅದನ್ನು ಕೇಳಿ, "ಸತ್ತಿದ್ದನ್ನೇ ಎಣಿಸ್ತಾ ಕೂತ್ರೆ ಬದುಕಿದ್ದಕ್ಕೆ ನೀರು ಹೊಯ್ಯೋರು ಯಾರು ತಮ್ಮಾ?" ಎಂದರು. ಮರುದಿನ ಆ ಹದಿನೇಳರ ಬುಡಕ್ಕೆ ಹೋಗಿ ಕುಳಿತು ನೋಡಿದೆ. ಹೆಚ್ಚಿನವು ಇದ್ದದ್ದು ಕಲ್ಲಿನ ಮರೆಯಲ್ಲಿ, ದರಕು ತಾನಾಗಿ ಬಿದ್ದು ಮುಚ್ಚಿದ ಜಾಗದಲ್ಲಿ. ನಾನು ಆಗಸ್ಟಿನಲ್ಲಿ ತಡವಾಗಿ ನೆಟ್ಟಿದ್ದೆ, ಬುಡಕ್ಕೆ ಹೊದಿಕೆ ಹಾಕಿರಲಿಲ್ಲ, ದನಗಳಿಗೆ ಅಡ್ಡಿಯಿರಲಿಲ್ಲ. ಸತ್ತ ಎಂಬತ್ಮೂರು ಹೇಳದ್ದನ್ನು ಬದುಕಿದ ಹದಿನೇಳು ಹೇಳಿಕೊಟ್ಟವು. ಎರಡನೆಯ ವರ್ಷ ಜೂನಿನ ಮೊದಲ ಮಳೆಗೇ ನೆಟ್ಟೆ. ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದವು.

ಅಂದಿನಿಂದ ನನ್ನ ಪುಸ್ತಕದಲ್ಲಿ ಮೂರು ಅಂಕಣಗಳಿವೆ: ನೆಟ್ಟದ್ದು, ಉಳಿದದ್ದು, ಕಲಿತದ್ದು. ನಿಮ್ಮ ಊರಿನ ಸಂಘಗಳಲ್ಲೂ ಶಾಲೆಗಳಲ್ಲೂ ಇಂಥದೊಂದು ಪುಸ್ತಕ ಇಡಿ. ಹೋಲಿಕೆ ನೆರೆಯವನ ಬೆಟ್ಟದೊಡನೆ ಬೇಡ. ಅವನ ಮಣ್ಣು ಬೇರೆ, ನೀರು ಬೇರೆ. ಹೋದ ವರ್ಷದ ನಿಮ್ಮೊಡನೆಯೇ ಹೋಲಿಸಿಕೊಳ್ಳಿ. ಅಸ್ತ್ರ ಒಲೆ ಹಾಕಿಸಿದ ಮನೆಯಲ್ಲಿ ಸೌದೆ ಎಷ್ಟು ಉಳಿಯಿತು? ಗ್ರಾಮಸಭೆಯಲ್ಲಿ ಬಾಯಿ ಬಿಡದ ತಾಯಿ ಈ ವರ್ಷ ಎದ್ದು ಒಂದು ಪ್ರಶ್ನೆ ಕೇಳಿದಳೇ? ಹತ್ತು ಮರಗಳನ್ನೂ ಗುರುತಿಸಲಾರದ ಹುಡುಗ ಈಗ ಮೂವತ್ತನ್ನು ಗುರುತಿಸುತ್ತಾನೆಯೇ? ಇವೂ ಚಳವಳಿಯ ಲೆಕ್ಕಗಳೇ.

ಒಂದು ಎಚ್ಚರಿಕೆಯೂ ಅಗತ್ಯ. ಸಮಾಧಾನ ಬೇರೆ, ಮೈಮರೆವು ಬೇರೆ. ವನಮಹೋತ್ಸವದ ದಿನ ಹೋದ ವರ್ಷದ ಗುಂಡಿಯಲ್ಲಿಯೇ ಹೊಸ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಸಂತೋಷಪಡುವುದನ್ನು ನಾನು ಪ್ರಗತಿ ಎನ್ನುತ್ತಿಲ್ಲ. ಸತ್ತದ್ದನ್ನು ಬಚ್ಚಿಡಬಾರದು. ಕಳೆದುಕೊಂಡ ಕಾಡಿನ ಲೆಕ್ಕವನ್ನೂ ಬಿಡಬಾರದು. ಆ ಲೆಕ್ಕದ ಪಕ್ಕದಲ್ಲಿ ಉಳಿಸಿಕೊಂಡದ್ದರ ಲೆಕ್ಕವೂ ಇರಲಿ ಎಂಬುದಷ್ಟೇ ನನ್ನ ಮಾತು.

ಆ ತರುಣ ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ. ಈಗ ಅವನ ತಲೆಗೂದಲು ನರೆತಿದೆ. ಗುಡ್ಡಕ್ಕೆ ಕರೆದುಕೊಂಡು ಹೋದೆ. ಅಂದಿನ ಹೊನ್ನೆಯ ಮರಿಗಳನ್ನು ಈಗ ಎರಡೂ ಕೈ ಚಾಚಿ ಅಪ್ಪಬೇಕು. ಬಹಳ ಹೊತ್ತು ಸುಮ್ಮನಿದ್ದು, "ಆವಾಗ್ಲೇ ಹೇಳ್ಬಾರ್ದಿತ್ತಾ ಅಣ್ಣಾ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿಯೇ ಇಂದು ನಿಮಗೆ ಈಗಲೇ ಹೇಳಿಬಿಡುತ್ತಿದ್ದೇನೆ.

ತಂಗೀ, ನೀವು ತೋಡಿದ ಒಂದೊಂದು ಗುಂಡಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಅಂದರೆ 24 ಘನ ಅಡಿ, ಸುಮಾರು 680 ಲೀಟರ್. ನಲವತ್ತು ಗುಂಡಿ ಒಮ್ಮೆ ತುಂಬಿದರೆ 27,000 ಲೀಟರ್ ನೀರು ಹಳ್ಳಕ್ಕೆ ಓಡದೆ ಈ ಗುಡ್ಡದಲ್ಲಿ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಗುಂಡಿ ತುಂಬುವುದು ಒಮ್ಮೆಯಲ್ಲ, ಇಂಗಿದಂತೆಲ್ಲ ಮತ್ತೆ ಮತ್ತೆ ತುಂಬುತ್ತದೆ. ಘಟ್ಟ ಇನ್ನೂ 1,600 ಕಿಲೋಮೀಟರ್ ಇದೆ, ನಿಜ. ಆದರೆ ಈ ಗುಡ್ಡ ಮೂರು ದಿನದ ಹಿಂದೆ ಇದ್ದಂತೆ ಇಲ್ಲ. ಅದನ್ನು ನಿನ್ನ ಪುಸ್ತಕದಲ್ಲಿ ಬರೆದುಕೋ. ಡಿಸೆಂಬರಿನಲ್ಲಿ ಬಂದು ಕೆಳಗಿನ ಅಬ್ಬಿಯ ನೀರನ್ನು ನೋಡಿ, ಕಂಡದ್ದನ್ನು ಅದರ ಮುಂದಿನ ಸಾಲಿನಲ್ಲಿ ಬರೆ.